ಹವಾಮಾನ ಇಲಾಖೆಯ ಚೌಕವಾರು ಮಳೆ ದತ್ತಾಂಶ: ಕರ್ನಾಟಕದ ಮಳೆಯ ಬದಲಾವಣೆಯನ್ನು ಅಳೆಯಲು ಎಷ್ಟು ನಂಬಬಹುದು?

ಮಳೆ ಹಿಂದಿನಂತೆ ಇಲ್ಲ, ಬರುವ ದಿನ ಕಡಿಮೆಯಾಗಿದೆ, ಬಂದರೆ ಒಮ್ಮೆಲೇ ಸುರಿಯುತ್ತದೆ ಎಂಬ ಮಾತು ಇಂದು ಕರಾವಳಿಯ ಅಡಿಕೆ ತೋಟದಲ್ಲಿಯೂ ಬಯಲುಸೀಮೆಯ ತೊಗರಿ ಹೊಲದಲ್ಲಿಯೂ ಒಂದೇ ರೀತಿ ಕೇಳಿಬರುತ್ತದೆ. ಈ ಮಾತಿನಲ್ಲಿ ಎರಡು ಬೇರೆ ಬೇರೆ ಹೇಳಿಕೆಗಳಿವೆ: ಒಂದು, ಮಳೆ ಎಷ್ಟು ದಿನ ಬರುತ್ತದೆ ಎಂಬುದರ ಬಗ್ಗೆ, ಇನ್ನೊಂದು, ಬಂದ ದಿನ ಎಷ್ಟು ಜೋರಾಗಿ ಬರುತ್ತದೆ ಎಂಬುದರ ಬಗ್ಗೆ. ಇವೆರಡನ್ನೂ ಬಿಡಿಬಿಡಿಯಾಗಿ, ಒಂದು ಶತಮಾನಕ್ಕೂ ಹೆಚ್ಚಿನ ಅವಧಿಯಲ್ಲಿ ಪರೀಕ್ಷಿಸಲು ಸಾಮಾನ್ಯ ನಾಗರಿಕನಿಗೆ ಉಚಿತವಾಗಿ ಸಿಗುವ ಸಾಧನವೊಂದಿದೆ. ಅದು ಭಾರತೀಯ ಹವಾಮಾನ ಇಲಾಖೆಯ ಪುಣೆ ಕಚೇರಿ ಒದಗಿಸುವ ದಿನವಹಿ ಚೌಕವಾರು ಮಳೆ ದತ್ತಾಂಶ. ಸಂಶೋಧಕರ ವಲಯದಲ್ಲಿ ಇದು ಬಹಳ ಬಳಕೆಯಲ್ಲಿದ್ದರೂ ಶಾಲಾ ಶಿಕ್ಷಕರು, ಕೃಷಿಕರ ಸಂಘಗಳು, ಜಿಲ್ಲಾ ಮಟ್ಟದ ಪತ್ರಕರ್ತರು ಮುಂತಾದವರಿಗೆ ಇದರ ಪರಿಚಯ ಇರುವುದು ಅಪರೂಪ. ಕರ್ನಾಟಕದ ಭಾಗವನ್ನು ಪ್ರತ್ಯೇಕಿಸಿಕೊಂಡು ಈ ದತ್ತಾಂಶವನ್ನು ಬಳಸುತ್ತ ಬಂದ ನನಗೆ ಇದು ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಕೈ ಬಿಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕೆನಿಸಿದೆ.

ಮೊದಲು ಕೈಗೆ ಬರುವುದೇನು ಎಂಬುದನ್ನು ನೋಡೋಣ. ಉತ್ತರ ಅಕ್ಷಾಂಶ 6.5ರಿಂದ 38.5 ಡಿಗ್ರಿಯವರೆಗೆ, ಪೂರ್ವ ರೇಖಾಂಶ 66.5ರಿಂದ 100 ಡಿಗ್ರಿಯವರೆಗೆ ಕಾಲು ಡಿಗ್ರಿಗೊಂದರಂತೆ ಗೆರೆ ಎಳೆದು, 135 ಅಡ್ಡ ಬಿಂದುಗಳು ಮತ್ತು 129 ಉದ್ದ ಬಿಂದುಗಳ ಜಾಲವನ್ನು ರಚಿಸಲಾಗಿದೆ. ಭಾರತದ ನೆಲದ ಮೇಲೆ ಬೀಳುವ ಪ್ರತಿಯೊಂದು ಬಿಂದುವಿಗೂ 1901ರ ಜನವರಿ 1ರಿಂದ ಇತ್ತೀಚಿನ ವರ್ಷದವರೆಗೆ ಪ್ರತಿದಿನದ ಮಳೆಯ ಪ್ರಮಾಣ ಮಿಲಿಮೀಟರಿನಲ್ಲಿ ದಾಖಲಾಗಿದೆ. ಸಮುದ್ರ ಮತ್ತು ದೇಶದ ಹೊರಗಿನ ಬಿಂದುಗಳಲ್ಲಿ ಬೆಲೆ ಇಲ್ಲ ಎಂಬುದನ್ನು ಋಣ 999 ಎಂಬ ಸಂಖ್ಯೆ ಸೂಚಿಸುತ್ತದೆ. ವರ್ಷಕ್ಕೊಂದು ಕಡತ, ಕಡತವೊಂದಕ್ಕೆ ಸುಮಾರು 25 ಮೆಗಾಬೈಟ್. ಹೀಗಾಗಿ ಒಂದು ಶತಮಾನ ಮೀರಿದ ಇಡೀ ದೇಶದ ಮಳೆಯ ಲೆಕ್ಕ ಮೂರು ಗಿಗಾಬೈಟಿನ ಆಸುಪಾಸಿನಲ್ಲಿ, ಸಾಧಾರಣ ಲ್ಯಾಪ್‌ಟಾಪಿನಲ್ಲಿ ಸುಲಭವಾಗಿ ಹಿಡಿಸುತ್ತದೆ. ಪ್ರತಿ ಬಿಂದುವೂ ತನ್ನ ಸುತ್ತಲಿನ ಒಂದು ಚೌಕವನ್ನು ಪ್ರತಿನಿಧಿಸುತ್ತದೆ. ಕರ್ನಾಟಕದ ಅಕ್ಷಾಂಶದಲ್ಲಿ ಒಂದು ಚೌಕದ ಬದಿ ಸುಮಾರು 27 ಕಿಲೋಮೀಟರ್; 1,91,791 ಚದರ ಕಿಲೋಮೀಟರ್ ವಿಸ್ತೀರ್ಣದ ನಮ್ಮ ರಾಜ್ಯ ಈ ಜಾಲದಲ್ಲಿ ಸರಿಸುಮಾರು 250 ಚೌಕಗಳಾಗಿ ಒಡೆಯುತ್ತದೆ.

ಇಳಿಸಿಕೊಳ್ಳುವುದಕ್ಕೆ ಹಣ ಕೊಡಬೇಕಾಗಿಲ್ಲ. ಮಳೆಮಾಪಕವಾರು ಮೂಲ ದಾಖಲೆ ಬೇಕಾದವರು ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕಾಗುತ್ತದೆ, ಆದರೆ ಚೌಕವಾರು ದತ್ತಾಂಶಕ್ಕೆ ಪುಣೆ ಕಚೇರಿಯ ಜಾಲತಾಣದಲ್ಲಿ ವರ್ಷವನ್ನು ಆರಿಸಿಕೊಂಡರೆ ಸಾಕು. ಪೈಥಾನ್ ಎಂಬ ಗಣಕ ಭಾಷೆ ಬಲ್ಲವರಿಗೆ ಐಎಂಡಿಲಿಬ್ ಎಂಬ ಸಿದ್ಧ ಸಲಕರಣೆ ಇದೆ. ಅದು ಬೇಕಾದ ವರ್ಷಗಳ ಕಡತಗಳನ್ನು ತಾನೇ ತಂದು ಓದಿಕೊಡುತ್ತದೆ. ಎಕ್ಸೆಲ್ ಮಾತ್ರ ಬಲ್ಲವರಿಗೆ ಹೀಗೆ ಸಲೀಸಲ್ಲ. ಕಡತಗಳು ನೆಟ್‌ಸಿಡಿಎಫ್ ಅಥವಾ ಬೈನರಿ ರೂಪದಲ್ಲಿ ಇರುವುದರಿಂದ ಒಬ್ಬ ಬಲ್ಲವರ ನೆರವು ಮೊದಲ ಸಲ ಬೇಕೇ ಬೇಕು. ಜಿಲ್ಲೆ ಅಥವಾ ತಾಲ್ಲೂಕಿನ ಹೆಸರು ಆರಿಸಿದರೆ ಸರಳ ಕೋಷ್ಟಕ ಸಿಗುವಂಥ, ಕನ್ನಡದಲ್ಲಿಯೂ ಓದಬಹುದಾದ ಒಂದು ಪುಟ ಇದ್ದಿದ್ದರೆ ಈ ಸೇವೆಯ ಬಳಕೆದಾರರ ಸಂಖ್ಯೆ ಹಲವು ಪಟ್ಟು ಹೆಚ್ಚುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಹೊಸಬರು ಎಡವುವ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಅಳೆಯುತ್ತಾರೆ, ಮತ್ತು ಹಿಂದಿನ 24 ಗಂಟೆಗಳಲ್ಲಿ ಬಿದ್ದದ್ದನ್ನು ಅಳೆದ ದಿನದ ಹೆಸರಿನಲ್ಲಿ ಬರೆಯುತ್ತಾರೆ. 2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ ಸುರಿದು ಹೊರವರ್ತುಲ ರಸ್ತೆಯ ಬಡಾವಣೆಗಳನ್ನು ಮುಳುಗಿಸಿದ ಮಳೆ, 131.6 ಮಿಲಿಮೀಟರ್ ಎಂದು ನಗರ ವೀಕ್ಷಣಾಲಯದಲ್ಲಿ ದಾಖಲಾದದ್ದು 5ನೇ ತಾರೀಖಿನ ಬೆಳಗಿನ ಅಳತೆಯಲ್ಲಿ. ಪ್ರವಾಹದ ದಿನಾಂಕಕ್ಕೂ ಮಳೆಯ ದಿನಾಂಕಕ್ಕೂ ತಾಳೆ ಹಾಕುವಾಗ ಈ ಒಂದು ದಿನದ ವ್ಯತ್ಯಾಸ ನೆನಪಿನಲ್ಲಿರಬೇಕು. ರಾತ್ರಿಯಿಡೀ ಹೊಡೆದು ಮರುದಿನ ಮಧ್ಯಾಹ್ನ ನಿಂತ ಮಳೆ ಎರಡು ದಿನಗಳಿಗೆ ಹಂಚಿಹೋಗಿ, ಎರಡರಲ್ಲಿಯೂ ಸಾಧಾರಣ ಮಳೆಯಂತೆ ಕಾಣುವುದೂ ಉಂಟು.

ಈ ದತ್ತಾಂಶದ ನಿಜವಾದ ಕೊಡುಗೆ ಇರುವುದು ಅದು ದಿನವಹಿಯಾಗಿರುವುದರಲ್ಲಿ. ಮಳೆಗಾಲದ ಒಟ್ಟು ಮೊತ್ತವನ್ನು ವಾಡಿಕೆಯೊಡನೆ ಹೋಲಿಸಿ ಶೇಕಡಾ ಇಷ್ಟು ಹೆಚ್ಚು, ಇಷ್ಟು ಕೊರತೆ ಎನ್ನುವ ಲೆಕ್ಕ ಪ್ರತಿವರ್ಷ ಪತ್ರಿಕೆಗಳಲ್ಲಿ ಬರುತ್ತದೆ. ಆದರೆ ಆ ಮೊತ್ತದೊಳಗೆ ಏನು ನಡೆದಿದೆ ಎಂಬುದನ್ನು ಅದು ಹೇಳುವುದಿಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಅದು ಮಳೆ ದಿನ, 64.5ರಿಂದ 115.5 ಮಿಲಿಮೀಟರ್ ಭಾರಿ ಮಳೆ, 115.6ರಿಂದ 204.4ರವರೆಗೆ ಅತಿ ಭಾರಿ ಮಳೆ; ಅದನ್ನೂ ಮೀರಿದರೆ ಅತ್ಯಂತ ಭಾರಿ ಮಳೆ. ಒಂದು ಚೌಕದಲ್ಲಿ ವರ್ಷವರ್ಷವೂ ಇಂಥ ದಿನಗಳು ಎಷ್ಟು, ಎರಡು ಮಳೆ ದಿನಗಳ ನಡುವಿನ ಒಣ ಅವಧಿ ಎಷ್ಟು ಉದ್ದ, ಒಟ್ಟು ಮಳೆಯಲ್ಲಿ ಮೊದಲ ಐದು ದೊಡ್ಡ ದಿನಗಳ ಪಾಲೆಷ್ಟು ಎಂದು ಎಣಿಸುತ್ತ ಹೋದಾಗ, ವಾಡಿಕೆಯಷ್ಟೇ ಮಳೆ ಬಿದ್ದ ಎರಡು ವರ್ಷಗಳು ಬೆಳೆಗೂ ಕೆರೆಗೂ ಎಷ್ಟೊಂದು ಬೇರೆಯಾಗಿದ್ದವು ಎಂಬುದು ಕಣ್ಣಿಗೆ ಬೀಳುತ್ತದೆ.

ಇದು ಬರಿಯ ಸಾಧ್ಯತೆಯಲ್ಲ. ದೇಶದ ಮಳೆಯ ಬಗ್ಗೆ ಇಂದು ನಾವು ತಿಳಿದಿರುವ ದೊಡ್ಡ ಸಂಗತಿಗಳು ಹೊರಬಂದದ್ದೇ ಇಂಥ ಎಣಿಕೆಯಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಬಿ.ಎನ್. ಗೋಸ್ವಾಮಿ ಮತ್ತು ಅವರ ಸಹೋದ್ಯೋಗಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಮುಖ್ಯ ಉದಾಹರಣೆ. ಇಲಾಖೆಯ ಹಿಂದಿನ, ಒಂದು ಡಿಗ್ರಿ ಅಳತೆಯ ದತ್ತಾಂಶವನ್ನು ಬಳಸಿ 1951ರಿಂದ 2000ದವರೆಗಿನ ಮಳೆಗಾಲಗಳನ್ನು ಪರಿಶೀಲಿಸಿದ ಅವರು, ಮಧ್ಯ ಭಾರತದಲ್ಲಿ ದಿನಕ್ಕೆ 100 ಮಿಲಿಮೀಟರ್ ಮೀರುವ ಮಳೆಯ ಘಟನೆಗಳು ಹೆಚ್ಚಿವೆ, ಸಾಧಾರಣ ಮಳೆಯ ಘಟನೆಗಳು ಕಡಿಮೆಯಾಗಿವೆ, ಒಂದು ಇನ್ನೊಂದನ್ನು ಸರಿದೂಗಿಸುವುದರಿಂದ ಒಟ್ಟು ಸರಾಸರಿಯಲ್ಲಿ ಗಣನೀಯ ಬದಲಾವಣೆ ಕಾಣುವುದಿಲ್ಲ ಎಂದು ತೋರಿಸಿದರು. ಭೂ ವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ಹವಾಮಾನ ಬದಲಾವಣೆಯ ಮೌಲ್ಯಮಾಪನ ಗ್ರಂಥವೂ ಇದೇ ದಿಕ್ಕಿನಲ್ಲಿದೆ: ಮಧ್ಯ ಭಾರತದಲ್ಲಿ ದಿನಕ್ಕೆ 150 ಮಿಲಿಮೀಟರ್ ಮೀರುವ ಮಳೆಯ ಘಟನೆಗಳು 1950ರಿಂದ 2015ರ ನಡುವೆ ಸುಮಾರು ಶೇಕಡಾ 75ರಷ್ಟು ಹೆಚ್ಚಿವೆ, ಅದೇ ಹೊತ್ತಿಗೆ, 1951ರಿಂದ 2015ರ ಅವಧಿಯಲ್ಲಿ ದೇಶದ ಮುಂಗಾರು ಮಳೆಯ ಒಟ್ಟು ಪ್ರಮಾಣ ಸುಮಾರು ಶೇಕಡಾ 6ರಷ್ಟು ಕುಗ್ಗಿದೆ, ಮತ್ತು ಈ ಕುಗ್ಗುವಿಕೆ ಗಂಗಾ ಬಯಲಿನಲ್ಲಿ ಹಾಗೂ ಪಶ್ಚಿಮ ಘಟ್ಟಗಳಲ್ಲಿ ಎದ್ದುಕಾಣುತ್ತದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು ಎಂಬ ಭೌತಿಕ ನಿಯಮ ಭಾರಿ ಮಳೆಯ ಏರಿಕೆಗೆ ಒಂದು ಕಾರಣವನ್ನು ಕೊಡುತ್ತದೆ; ಒಟ್ಟು ಮೊತ್ತ ಏಕೆ ಇಳಿಯಿತು ಎಂಬುದಕ್ಕೆ ಗಾಳಿಯಲ್ಲಿನ ಮಾಲಿನ್ಯದ ಕಣಗಳು, ಹಿಂದೂ ಮಹಾಸಾಗರ ಬಿಸಿಯಾಗಿರುವುದು ಮುಂತಾದ ಬೇರೆ ಕಾರಣಗಳನ್ನು ವಿಜ್ಞಾನಿಗಳು ಮುಂದಿಡುತ್ತಾರೆ.

ಇಲ್ಲಿ ಕರ್ನಾಟಕದ ಓದುಗರು ಗಮನಿಸಬೇಕಾದ ಒಂದು ವಿವರವಿದೆ. ಗೋಸ್ವಾಮಿಯವರ ಅಧ್ಯಯನದ ಮಧ್ಯ ಭಾರತ ಎಂದರೆ ಉತ್ತರ ಅಕ್ಷಾಂಶ 16.5ರಿಂದ 26.5 ಡಿಗ್ರಿ, ಪೂರ್ವ ರೇಖಾಂಶ 74.5ರಿಂದ 86.5 ಡಿಗ್ರಿಯ ನಡುವಿನ ಒಂದು ಆಯತ. ಬೀದರ್, ಕಲಬುರಗಿ ಮತ್ತು ವಿಜಯಪುರ ನಗರಗಳು ಅದರ ತೆಂಕಣ ಅಂಚಿನೊಳಗೆ ಬರುತ್ತವೆ. ಮಲೆನಾಡು, ಕರಾವಳಿ, ದಕ್ಷಿಣ ಒಳನಾಡು ಅದರಲ್ಲಿ ಇಲ್ಲವೇ ಇಲ್ಲ. 2017ರಲ್ಲಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು ವ್ಯಾಪಕವಾದ ತೀವ್ರ ಮಳೆಯ ಘಟನೆಗಳು ಮೂರು ಪಟ್ಟು ಹೆಚ್ಚಿವೆ ಎಂದು ತೋರಿಸಿದ ಪ್ರದೇಶವಂತೂ ಪೂರ್ಣವಾಗಿ ನಮ್ಮ ರಾಜ್ಯದ ಉತ್ತರಕ್ಕಿದೆ. ಹೀಗಿರುವಾಗ ಕೊಡಗಿನ ಒಂದು ಭೂಕುಸಿತದ ಸುದ್ದಿಯಡಿಯಲ್ಲಿ ಮಧ್ಯ ಭಾರತದ ಶೇಕಡಾವಾರು ಸಂಖ್ಯೆಯನ್ನು ಎತ್ತಿ ಬರೆಯುವುದು ಸರಿಯಲ್ಲ. ನಮ್ಮ ಪ್ರದೇಶದ ಉತ್ತರವನ್ನು ನಾವೇ ಎಣಿಸಿ ಪಡೆಯಬೇಕು, ಮತ್ತು ಅದಕ್ಕೆ ಈ ದತ್ತಾಂಶ ದಾರಿ ಮಾಡಿಕೊಡುತ್ತದೆ ಎಂಬುದೇ ಇದರ ಮೇಲೆ ನನಗಿರುವ ಅಭಿಮಾನಕ್ಕೆ ಮುಖ್ಯ ಕಾರಣ.

ದಿನವಹಿ ಲೆಕ್ಕದ ಇನ್ನೊಂದು ಅನುಕೂಲವೆಂದರೆ ಜೂನ್, ಜುಲೈ ಎಂಬ ತಿಂಗಳುಗಳಿಗೆ ಅಂಟಿಕೊಂಡು ಕೂರಬೇಕಾಗಿಲ್ಲ. ನಮ್ಮ ರೈತರು ಮಳೆಯನ್ನು ನೆನಪಿಟ್ಟುಕೊಂಡಿರುವುದು ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ ಎಂಬ ನಕ್ಷತ್ರಗಳ ಲೆಕ್ಕದಲ್ಲಿ. ಸೂರ್ಯನ ಗತಿಯನ್ನು ಅನುಸರಿಸುವ ಈ ಅವಧಿಗಳು ಒಂದೊಂದೂ ಹದಿಮೂರು ಹದಿನಾಲ್ಕು ದಿನಗಳಷ್ಟಿದ್ದು, ಪ್ರತಿವರ್ಷ ಹೆಚ್ಚುಕಡಿಮೆ ಅದೇ ತಾರೀಖುಗಳಲ್ಲಿ ಬರುತ್ತವೆ. ಆರಿದ್ರಾ ಮಳೆ ಜೂನ್ 21–22ರ ಸುಮಾರಿಗೆ ಹಿಡಿದು ಜುಲೈ ಮೊದಲ ವಾರದವರೆಗೆ ಇರುತ್ತದೆ. ಹೀಗೆ ವರ್ಷವನ್ನು ನಕ್ಷತ್ರಗಳ ಪ್ರಕಾರ ಕತ್ತರಿಸಿ ಎಣಿಸಿದರೆ, ಬಿತ್ತನೆಯ ಹದಮಳೆ ಹಿಂದೆ ಸರಿದಿದೆಯೇ, ಹಿಂಗಾರಿನ ಜೋಳ ಕಡಲೆಗೆ ಬೇಕಾದ ಹಸ್ತ ಚಿತ್ತೆಯ ಮಳೆ ಎಷ್ಟು ವರ್ಷಗಳಲ್ಲಿ ಕೈಕೊಟ್ಟಿದೆ ಎಂಬ ಪ್ರಶ್ನೆಗಳನ್ನು ಊರಿನ ಹಿರಿಯರ ಭಾಷೆಯಲ್ಲಿಯೇ ಕೇಳಿ, ದಾಖಲೆಯಿಂದ ಉತ್ತರ ಪಡೆಯಬಹುದು. ಇಲಾಖೆಯ ಯಾವ ವರದಿಯೂ ಈ ರೀತಿಯಲ್ಲಿ ವಿಂಗಡಿಸಿಕೊಟ್ಟದ್ದನ್ನು ನಾನು ಕಂಡಿಲ್ಲ. ಆದರೆ ಕಚ್ಚಾ ದತ್ತಾಂಶ ಕೈಯಲ್ಲಿರುವಾಗ ಅದು ಅರ್ಧ ದಿನದ ಕೆಲಸ.

ಇನ್ನು ಮಿತಿಗಳ ವಿಷಯ. ಇವು ಸಣ್ಣಪುಟ್ಟವಲ್ಲ, ಮತ್ತು ಮಳೆಯ ತೀವ್ರತೆಯನ್ನು ಅಳೆಯಲು ಹೊರಟವರಿಗೆ ಇವು ನೇರವಾಗಿ ತಟ್ಟುತ್ತವೆ.

ಚೌಕದ ಬೆಲೆ ಎಂಬುದು ಮಾಪಕವೊಂದರ ಅಳತೆಯಲ್ಲ. ಸುತ್ತಲಿನ ಕೆಲವು ಮಾಪಕಗಳ ಅಳತೆಗೆ ದೂರದ ಆಧಾರದ ಮೇಲೆ ತೂಕ ಕೊಟ್ಟು ಪಡೆದ ಅಂದಾಜು. ಹತ್ತಿರದ ಮಾಪಕಕ್ಕೆ ಹೆಚ್ಚು ತೂಕ, ದೂರದ್ದಕ್ಕೆ ಕಡಿಮೆ. ಒಂದು ಚೌಕದ ಕೇಂದ್ರದಿಂದ ಸಮಾನ ದೂರದಲ್ಲಿ ನಾಲ್ಕು ಮಾಪಕಗಳಿವೆ ಎಂದುಕೊಳ್ಳೋಣ. ಗುಡುಗು ಮಳೆಯೊಂದು ಒಂದರ ಮೇಲೆ 120 ಮಿಲಿಮೀಟರ್ ಸುರಿದು, ಉಳಿದ ಮೂರರ ಮೇಲೆ 20 ಮಿಲಿಮೀಟರ್ ಹನಿಸಿದರೆ ಚೌಕದ ಲೆಕ್ಕ 45 ಮಿಲಿಮೀಟರ್ ಆಗುತ್ತದೆ. ಒಂದು ಊರಿನಲ್ಲಿ ಅತಿ ಭಾರಿ ಮಳೆಯಾಗಿದ್ದರೂ ದತ್ತಾಂಶದಲ್ಲಿ ಆ ದಿನ ಭಾರಿ ಮಳೆಯ ದಿನವೇ ಅಲ್ಲ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ 944 ಮಿಲಿಮೀಟರ್ ಮಳೆ ಬಿದ್ದಾಗ, ಇಪ್ಪತ್ತೈದು ಕಿಲೋಮೀಟರಿನೊಳಗೇ ಇರುವ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 74 ಮಿಲಿಮೀಟರ್. ಒಂದು ಚೌಕದ ಬದಿಗಿಂತ ಕಡಿಮೆ ಅಂತರದಲ್ಲಿ ಇಷ್ಟು ವ್ಯತ್ಯಾಸವಿರುವಾಗ, ಸರಾಸರಿ ಎಂಬುದು ಆ ಎರಡು ಸ್ಥಳಗಳಲ್ಲಿ ಯಾವುದರ ಅನುಭವವನ್ನೂ ಹೇಳುವುದಿಲ್ಲ.

ಇದೇ ಕಾರಣ ಇನ್ನೊಂದು ಕಡೆಯಿಂದಲೂ ಕೆಲಸ ಮಾಡುತ್ತದೆ. ನಾಲ್ಕರಲ್ಲಿ ಒಂದು ಮಾಪಕಕ್ಕೆ ಮಾತ್ರ ಮಳೆ ಬಿದ್ದರೂ ಚೌಕಕ್ಕೆ ಸ್ವಲ್ಪ ಮಳೆ ಬಂದಂತೆ ದಾಖಲಾಗುವುದರಿಂದ, ಮಳೆ ದಿನಗಳ ಸಂಖ್ಯೆ ಒಂದೊಂದು ಊರಿನ ನಿಜವಾದ ಸಂಖ್ಯೆಗಿಂತ ಹೆಚ್ಚಾಗಿ ಕಾಣುತ್ತದೆ. ಅಂದರೆ ಚೌಕವಾರು ದತ್ತಾಂಶ ಜಡಿಮಳೆಯನ್ನು ತಗ್ಗಿಸಿ, ತುಂತುರನ್ನು ಹಿಗ್ಗಿಸುತ್ತದೆ. ಅದೇ ಚೌಕವನ್ನು ಅದೇ ಚೌಕದ ಹಿಂದಿನ ವರ್ಷಗಳೊಡನೆ ಹೋಲಿಸುವಾಗ ಇದು ಅಷ್ಟಾಗಿ ಬಾಧಿಸುವುದಿಲ್ಲ. ಆದರೆ ತಾಲ್ಲೂಕು ಕಚೇರಿಯ ಮಾಪಕದ ಪುಸ್ತಕವನ್ನು ಚೌಕದ ಸಂಖ್ಯೆಯೊಡನೆ ನೇರವಾಗಿ ಹೋಲಿಸಿದರೆ ದಾರಿ ತಪ್ಪುವುದು ಖಂಡಿತ.

ಪಶ್ಚಿಮ ಘಟ್ಟದಲ್ಲಿ ಈ ತೊಂದರೆ ಇನ್ನೂ ತೀವ್ರ. ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಆಗುಂಬೆಯಿಂದ ಪೂರ್ವಕ್ಕೆ ಸಾಗಿ ಶಿವಮೊಗ್ಗ ನಗರವನ್ನು ಮುಟ್ಟುವ ಹೊತ್ತಿಗೆ ಮಳೆ ಅದರ ಆರನೆಯ ಒಂದು ಪಾಲಿಗಿಂತಲೂ ಕೆಳಗೆ ಇಳಿದಿರುತ್ತದೆ. ಮಾಪಕಗಳ ನಡುವಿನ ದೂರವನ್ನಷ್ಟೇ ನೋಡುವ ಲೆಕ್ಕಾಚಾರದ ವಿಧಾನಕ್ಕೆ ನಡುವೆ ಒಂದು ಬೆಟ್ಟದ ಸಾಲು ಇದೆ, ಅದರ ಈಚೆ ಮಳೆನೆರಳು ಇದೆ ಎಂಬುದು ಗೊತ್ತಿಲ್ಲ. ಮಾಪಕ ಇರುವಲ್ಲಿ ಸರಿ. ಇಲ್ಲದ ಕಡೆ ಘಟ್ಟದ ನೆತ್ತಿಯ ಮಳೆ ಕೆಳಗೆ ಹರಡುತ್ತದೆ, ಅಥವಾ ಕೆಳಗಿನ ಕಡಿಮೆ ಮಳೆ ನೆತ್ತಿಗೆ ಏರುತ್ತದೆ. ದಟ್ಟ ಕಾಡಿನಲ್ಲಿ, ಏರು ಇಳಿಜಾರಿನಲ್ಲಿ ಮಾಪಕಗಳು ವಿರಳವಾಗಿರುವುದು ಸಹಜವಾದ್ದರಿಂದ, ಕುದುರೆಮುಖ ಬ್ರಹ್ಮಗಿರಿಯಂಥ ಕಡೆಗಳ ಚೌಕಗಳನ್ನು ಒಂಟಿಯಾಗಿ ಹಿಡಿದು ಪ್ರವೃತ್ತಿಯ ಬಗ್ಗೆ ತೀರ್ಪು ಕೊಡಲು ನಾನು ಸಿದ್ಧನಿಲ್ಲ. ಘಟ್ಟದಲ್ಲಿ ಮಳೆ ಕುಗ್ಗಿದೆ ಎಂಬ ತೀರ್ಮಾನವನ್ನು ಮಲೆನಾಡಿನ ದೀರ್ಘಕಾಲದ ಮಾಪಕಗಳ ದಾಖಲೆಯೊಡನೆ ಸೇರಿಸಿ ನೋಡುವುದು ಸರಿಯಾದ ಕ್ರಮ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ತಲೆಮಾರುಗಳಿಂದ ಇಂಚು ಮತ್ತು ಸೆಂಟಿನ ಲೆಕ್ಕದಲ್ಲಿ ಬರೆದಿಟ್ಟ ಮಳೆ ಪುಸ್ತಕಗಳಿವೆ. ಹೂಮಳೆಯಿಂದ ಹಿಡಿದು ಆಶ್ಲೇಷದವರೆಗೆ ದಿನಕ್ಕೊಂದು ಸಾಲು. ಈ ಪುಸ್ತಕಗಳನ್ನು ಕಾಪಾಡಿ ಅಂಕೀಕರಿಸುವ ಕೆಲಸ ಬಹಳ ತುರ್ತಿನದು, ಏಕೆಂದರೆ ಚೌಕದೊಳಗೆ ಏನಾಗಿತ್ತು ಎಂಬುದನ್ನು ಹೇಳಬಲ್ಲ ಸಾಕ್ಷಿಗಳು ಇವೇ.

ಎರಡನೆಯ ಮಿತಿ ಕಣ್ಣಿಗೆ ಕಾಣದ್ದು, ಆದ್ದರಿಂದ ಹೆಚ್ಚು ಅಪಾಯದ್ದು. ಡಿ.ಎಸ್. ಪೈ ಮತ್ತು ಸಹಲೇಖಕರು 2014ರಲ್ಲಿ ಇಲಾಖೆಯ ಮೌಸಂ ನಿಯತಕಾಲಿಕದಲ್ಲಿ ವಿವರಿಸಿದಂತೆ ಈ ದತ್ತಾಂಶಕ್ಕೆ ಒಟ್ಟು 6955 ಮಳೆಮಾಪಕಗಳ ದಾಖಲೆ ಬಳಕೆಯಾಗಿದೆ. ಆದರೆ ಆ ಎಲ್ಲ ಮಾಪಕಗಳೂ ಎಲ್ಲ ವರ್ಷಗಳಲ್ಲಿಯೂ ಇರಲಿಲ್ಲ. ಕೆಲವು ನಡುವೆ ಹುಟ್ಟಿದವು, ಕೆಲವು ನಿಂತುಹೋದವು, ಕೆಲವು ವರ್ಷಗಳ ವರದಿ ಬಾರದೇ ಹೋಯಿತು. ಹಿಂದಿನ ಒಂದು ಡಿಗ್ರಿಯ ದತ್ತಾಂಶವನ್ನು 1951ರಿಂದ 2003ರವರೆಗಿನ ಅವಧಿಯಲ್ಲಿ ಕನಿಷ್ಠ ಶೇಕಡಾ 90ರಷ್ಟು ದಾಖಲೆ ಲಭ್ಯವಿದ್ದ 1803 ಮಾಪಕಗಳಿಂದ ಮಾತ್ರ ಕಟ್ಟಿದ್ದರು. ಅದು ಒರಟಾಗಿತ್ತು, ಆದರೆ ಆದಿಯಿಂದ ಅಂತ್ಯದವರೆಗೆ ಹೆಚ್ಚುಕಡಿಮೆ ಅವೇ ಮಾಪಕಗಳನ್ನು ಹೊಂದಿತ್ತು. ಕಾಲು ಡಿಗ್ರಿಯದು ನವಿರಾಗಿದೆ, ಆದರೆ ಅದರ ತಳಹದಿ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಮಾಪಕಗಳ ಸಂಖ್ಯೆ ಕಡಿಮೆಯಾದಾಗ ಸರಾಸರಿಯ ಪರಿಣಾಮ ಕುಗ್ಗಿ, ಭಾರಿ ಮಳೆಯ ದಿನಗಳು ಹೆಚ್ಚಿದಂತೆ ತೋರಬಹುದು. ಮಾಪಕಗಳು ಹೆಚ್ಚಿದಾಗ ಇದರ ತಿರುವುಮುರುವು. ಮರೀನಾ ಲಿನ್ ಮತ್ತು ಪೀಟರ್ ಹೈಬರ್ಸ್ 2019ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನೇ ಎತ್ತಿ, ಭಾರತದ ತೀವ್ರ ಮಳೆಯ ಏರಿಕೆಯೆಂದು ಕಾಣುವುದರಲ್ಲಿ ಒಂದು ಪಾಲು ಮಾಪಕ ಜಾಲದ ಬದಲಾವಣೆಯಿಂದ ಬಂದಿರಬಹುದು ಎಂದು ಎಚ್ಚರಿಸಿತು. ಇದರಿಂದ ಏರಿಕೆಯೇ ಸುಳ್ಳು ಎಂದಾಗುವುದಿಲ್ಲ. ಆದರೆ ಚಿಕ್ಕ ಪ್ರದೇಶದ ಲೆಕ್ಕ ಮಾಡುವವರು ತಮ್ಮ ಚೌಕಗಳಲ್ಲಿ ಯಾವ ವರ್ಷ ಎಷ್ಟು ಮಾಪಕಗಳಿದ್ದವು ಎಂಬುದನ್ನು ತಿಳಿಯದೆ ಮುಂದುವರಿಯಬಾರದು ಎಂದಂತೂ ಆಗುತ್ತದೆ.

ನನ್ನ ದೊಡ್ಡ ಆಕ್ಷೇಪ ಇರುವುದು ಇಲ್ಲಿಯೇ. ಇಳಿಸಿಕೊಳ್ಳುವ ಕಡತದಲ್ಲಿ ಮಳೆಯ ಪ್ರಮಾಣ ಮಾತ್ರ ಇದೆ, ಆ ದಿನ ಆ ಚೌಕಕ್ಕೆ ಎಷ್ಟು ಮಾಪಕಗಳು ಒದಗಿದವು ಎಂಬ ಸಂಖ್ಯೆ ಇಲ್ಲ. ಜರ್ಮನಿಯ ಹವಾಮಾನ ಸೇವೆ ನಡೆಸುವ ಜಿಪಿಸಿಸಿ ಎಂಬ ಜಾಗತಿಕ ಮಳೆ ದತ್ತಾಂಶದಲ್ಲಿ ಪ್ರತಿ ಚೌಕದ ಮಾಪಕಗಳ ಸಂಖ್ಯೆಯನ್ನೂ ಕೊಡುತ್ತಾರೆ. ನಮ್ಮ ಇಲಾಖೆಯ ಬಳಿ ಈ ಮಾಹಿತಿ ಇದ್ದೇ ಇರುತ್ತದೆ, ಏಕೆಂದರೆ ಅದಿಲ್ಲದೆ ಲೆಕ್ಕವನ್ನೇ ಮಾಡಲು ಬರುವುದಿಲ್ಲ. ಆ ಒಂದು ಸಂಖ್ಯೆಯನ್ನು ಸೇರಿಸಿದರೆ ಬಳಕೆದಾರನಿಗೆ ನಂಬಬಹುದಾದ ಚೌಕ ಯಾವುದು, ಅನುಮಾನಿಸಬೇಕಾದದ್ದು ಯಾವುದು ಎಂದು ತಾನೇ ನಿರ್ಧರಿಸುವ ಅಧಿಕಾರ ಸಿಗುತ್ತದೆ.

ಮೂರನೆಯದು, ಇದು ದಿನದ ಲೆಕ್ಕ, ಗಂಟೆಯ ಲೆಕ್ಕವಲ್ಲ. ದಿನವಿಡೀ ಸೋನೆಯಾಗಿ ಬಿದ್ದ 70 ಮಿಲಿಮೀಟರ್ ಮಳೆಯನ್ನು ನೆಲ ಹೀರಿಕೊಳ್ಳುತ್ತದೆ, ಕೆರೆ ತುಂಬುತ್ತದೆ. ಒಂದೇ ಗಂಟೆಯಲ್ಲಿ ಬಿದ್ದ 70 ಮಿಲಿಮೀಟರ್ ರಾಜಕಾಲುವೆಯನ್ನು ಉಕ್ಕಿಸುತ್ತದೆ, ಹೊಲದ ಮೇಲ್ಮಣ್ಣನ್ನು ಕೊಚ್ಚುತ್ತದೆ. ದತ್ತಾಂಶದಲ್ಲಿ ಎರಡೂ ಒಂದೇ. ನಗರದ ಚರಂಡಿ, ಸೇತುವೆಯ ಮೋರಿ, ಜಮೀನಿನ ಬದು ಇವುಗಳ ವಿನ್ಯಾಸಕ್ಕೆ ಬೇಕಾದ ತೀವ್ರತೆ ಇಲ್ಲಿ ಸಿಗುವುದಿಲ್ಲ. ಈ ಕೊರತೆಯನ್ನು ತುಂಬಬಲ್ಲದ್ದು ನಮ್ಮ ರಾಜ್ಯದಲ್ಲಿಯೇ ಇದೆ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಆರಂಭವಾಗಿ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದ ಸಂಸ್ಥೆ, ಗ್ರಾಮ ಪಂಚಾಯಿತಿಗೊಂದರಂತೆ ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟು 15 ನಿಮಿಷಕ್ಕೊಮ್ಮೆ ಅಳತೆಯನ್ನು ಪಡೆಯುತ್ತದೆ. ಇಷ್ಟು ದಟ್ಟವಾದ ಜಾಲವನ್ನು ಒಂದು ರಾಜ್ಯ ತಾನಾಗಿ ಕಟ್ಟಿಕೊಂಡದ್ದು ದೊಡ್ಡ ಸಾಧನೆ. ಆದರೆ ಅದರ ವಯಸ್ಸು ಇನ್ನೂ ಚಿಕ್ಕದು. ದೀರ್ಘಕಾಲದ ಪ್ರವೃತ್ತಿಯನ್ನು ಅದರಿಂದ ಕಾಣಲು ಮುಂದಿನ ತಲೆಮಾರು ಕಾಯಬೇಕು. ಒಂದು ಜಾಲಕ್ಕೆ ಉದ್ದವಿದೆ, ಇನ್ನೊಂದಕ್ಕೆ ಸೂಕ್ಷ್ಮತೆ ಇದೆ. ಎರಡೂ ಒಂದೇ ಅವಧಿಯಲ್ಲಿ ಇರುವ ವರ್ಷಗಳಲ್ಲಿ ಅವನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಚೌಕ ಎಷ್ಟರಮಟ್ಟಿಗೆ ಭಾರಿ ಮಳೆಯನ್ನು ತಗ್ಗಿಸಿ ಹೇಳುತ್ತದೆ ಎಂಬ ಅಂದಾಜು ಪ್ರತಿ ಜಿಲ್ಲೆಗೂ ಸಿಗುತ್ತದೆ.

ಕಚ್ಚಾ ದತ್ತಾಂಶದ ಗೋಜಿಗೆ ಹೋಗಲಾರದವರಿಗೆ ಇಲಾಖೆಯೇ 2020ರಲ್ಲಿ ರಾಜ್ಯವಾರು ವರದಿಗಳನ್ನು ಹೊರತಂದಿದೆ. 1989ರಿಂದ 2018ರವರೆಗಿನ ಮೂವತ್ತು ವರ್ಷಗಳಲ್ಲಿ ಜಿಲ್ಲೆವಾರು ಸರಾಸರಿ, ಏರಿಳಿತ, ಮಳೆ ದಿನ, ಭಾರಿ ಮಳೆ ದಿನ, ಒಣ ದಿನಗಳ ಪ್ರವೃತ್ತಿ ಇವೆಲ್ಲ ನಕ್ಷೆಗಳ ರೂಪದಲ್ಲಿ ಅಲ್ಲಿವೆ; ಕರ್ನಾಟಕದ ಸಂಪುಟವೂ ಇದೆ. ಆ ಸರಣಿಯ ಒಟ್ಟಾರೆ ಫಲಿತಾಂಶದಲ್ಲಿ ಮುಂಗಾರು ಮಳೆ ಗಣನೀಯವಾಗಿ ಇಳಿದ ರಾಜ್ಯಗಳೆಂದು ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳ, ಮೇಘಾಲಯ ಮತ್ತು ನಾಗಾಲ್ಯಾಂಡ್ ಗುರುತಾಗಿವೆ. ಕರ್ನಾಟಕ ಆ ಪಟ್ಟಿಯಲ್ಲಿಲ್ಲ. ಇದನ್ನು ಓದಿ ನಮ್ಮಲ್ಲಿ ಏನೂ ಬದಲಾಗಿಲ್ಲ ಎಂದುಕೊಳ್ಳುವುದು ಅವಸರವಾಗುತ್ತದೆ. ಕಡಲತೀರ, ಘಟ್ಟ, ಮಳೆನೆರಳು, ಹಿಂಗಾರಿನ ಒಳನಾಡು ಎಲ್ಲವನ್ನೂ ಕೂಡಿಸಿ ತೆಗೆದ ರಾಜ್ಯದ ಸರಾಸರಿ ಯಾರ ಹೊಲದ ಮಳೆಯೂ ಅಲ್ಲ. ಇಲಾಖೆಯ ಉಪವಿಭಾಗಗಳಲ್ಲಿಯೂ ಇದೇ ತೊಡಕು: ಕರ್ನಾಟಕಕ್ಕೆ ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂಬ ಮೂರೇ ಉಪವಿಭಾಗಗಳಿದ್ದು, ಆಗುಂಬೆ ಭಾಗಮಂಡಲಗಳೂ ಕೋಲಾರ ಚಾಮರಾಜನಗರಗಳೂ ದಕ್ಷಿಣ ಒಳನಾಡು ಎಂಬ ಒಂದೇ ಹೆಸರಿನಡಿ ಬರುತ್ತವೆ. ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರವು ಮಲೆನಾಡನ್ನು ನಾಲ್ಕನೆಯ ಪ್ರದೇಶವಾಗಿ ಬೇರೆ ಎಣಿಸುವುದು ಹೆಚ್ಚು ಯುಕ್ತ. ಚೌಕವಾರು ದತ್ತಾಂಶ ಕೈಯಲ್ಲಿದ್ದರೆ ಈ ಗಡಿಗಳನ್ನು ನಾವೇ ಎಳೆದುಕೊಳ್ಳಬಹುದು ಎಂಬುದನ್ನು ಮತ್ತೆ ಒತ್ತಿ ಹೇಳಬೇಕಾಗಿದೆ.

ಮೂವತ್ತು ವರ್ಷಗಳ ಕಿಟಕಿ ಪ್ರವೃತ್ತಿಗೆ ಚಿಕ್ಕದು ಎಂಬುದನ್ನೂ ಹೇಳಬೇಕು. ಎಲ್ಲಿಂದ ಎಣಿಸಲು ಆರಂಭಿಸುತ್ತೇವೆ ಎಂಬುದರ ಮೇಲೆ ಗೆರೆ ಏರುವುದೋ ಇಳಿಯುವುದೋ ನಿರ್ಧಾರವಾಗಿಬಿಡುತ್ತದೆ. 1961 ದೇಶದ ಮುಂಗಾರಿನ ದಾಖಲೆಯಲ್ಲಿ ಅತಿ ಹೆಚ್ಚು ಮಳೆಯ ವರ್ಷಗಳಲ್ಲಿ ಒಂದು. ಅಲ್ಲಿಂದ ಹೊರಟರೆ ಮುಂದಿನದೆಲ್ಲ ಇಳಿಕೆಯಾಗಿ ಕಾಣುವ ಸಂಭವ ಹೆಚ್ಚು. ತೀವ್ರ ಬರದ 1972ರಿಂದ ಹೊರಟರೆ ಚೇತರಿಕೆಯ ಚಿತ್ರ ಬರುತ್ತದೆ. ವಾಡಿಕೆ ಎಂದು ನಾವು ಗಟ್ಟಿಯಾಗಿ ಹಿಡಿದುಕೊಂಡಿರುವ ಸಂಖ್ಯೆಯೂ ಸ್ಥಿರವಲ್ಲ: 1961–2010ರ ಆಧಾರದಲ್ಲಿ 880.6 ಮಿಲಿಮೀಟರ್ ಆಗಿದ್ದ ದೇಶದ ಮುಂಗಾರು ವಾಡಿಕೆಯನ್ನು 1971–2020ರ ಆಧಾರದಲ್ಲಿ 868.6 ಮಿಲಿಮೀಟರಿಗೆ 2022ರಲ್ಲಿ ಪರಿಷ್ಕರಿಸಲಾಯಿತು. ಮಳೆ ಅಷ್ಟೇ ಬಿದ್ದರೂ ಕೊರತೆಯ ಶೇಕಡಾವಾರು ತುಸು ಕಡಿಮೆ ಕಾಣುವುದಕ್ಕೆ ಇದೂ ಒಂದು ಕಾರಣ.

ಪರ್ಯಾಯಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಉಪಗ್ರಹ ಮತ್ತು ಮಾಪಕಗಳನ್ನು ಬೆರೆಸಿ ಕಟ್ಟಿದ ಚಿರ್ಪ್ಸ್ 1981ರಿಂದ ಈಚೆಗೆ, ಇನ್ನೂ ಸಣ್ಣ ಚೌಕಗಳಲ್ಲಿ ಸಿಗುತ್ತದೆ. ನಾಸಾದ ಐಮರ್ಗ್ ಅರ್ಧ ಗಂಟೆಗೊಮ್ಮೆ ಮಳೆಯ ಅಂದಾಜು ಕೊಡುತ್ತದೆ, ಆದರೆ ಅದರ ಅವಧಿ ಕಾಲು ಶತಮಾನದ ಆಸುಪಾಸಿನದು. ಘಟ್ಟದ ಮೋಡ ಹೆಚ್ಚು ಎತ್ತರಕ್ಕೆ ಬೆಳೆಯದೆಯೇ ಭಾರಿ ಮಳೆ ಸುರಿಸುವುದರಿಂದ ಉಪಗ್ರಹಗಳು ಅದನ್ನು ಕಡಿಮೆ ಅಂದಾಜಿಸುವ ಸಮಸ್ಯೆಯೂ ಇದೆ. ನೆಲದ ಮೇಲಿನ ಮಾಪಕಗಳಿಂದ ಕಟ್ಟಿದ, ನೂರಕ್ಕೂ ಹೆಚ್ಚು ವರ್ಷಗಳ ದಿನವಹಿ ಲೆಕ್ಕಕ್ಕೆ ನಮ್ಮ ದೇಶದ ಮಟ್ಟಿಗೆ ಇಲಾಖೆಯ ಈ ದತ್ತಾಂಶಕ್ಕೆ ಸಾಟಿ ಇಲ್ಲ.

ಆದ್ದರಿಂದ ನನ್ನ ಶಿಫಾರಸು ಹೀಗಿದೆ. ಒಂದು ಜಿಲ್ಲೆಯ ಅಥವಾ ನದೀಕಣಿವೆಯ ಮಟ್ಟದಲ್ಲಿ ಮಳೆ ದಿನಗಳ ಸಂಖ್ಯೆ, ಒಣ ಅವಧಿಯ ಉದ್ದ, ನಕ್ಷತ್ರವಾರು ಹಂಚಿಕೆ ಇವುಗಳ ಬದಲಾವಣೆಯನ್ನು ಕಾಣಲು ಇದನ್ನು ಧೈರ್ಯವಾಗಿ ಬಳಸಬಹುದು. ಬಯಲುಸೀಮೆಯ ಸಮತಟ್ಟಾದ ಜಿಲ್ಲೆಗಳಲ್ಲಿ ಭಾರಿ ಮಳೆ ದಿನಗಳ ಎಣಿಕೆಗೂ ಬಳಸಬಹುದು, ಆದರೆ ಹಲವು ಚೌಕಗಳನ್ನು ಒಟ್ಟುಗೂಡಿಸಿ, 64.5 ಮಿಲಿಮೀಟರಿನ ಮಿತಿಯ ಬದಲು ಆಯಾ ಚೌಕದ ಅತಿ ಹೆಚ್ಚಿನ ನೂರರಲ್ಲಿ ಒಂದು ಪಾಲು ಮಳೆ ದಿನಗಳನ್ನು ಆಧಾರವಾಗಿಟ್ಟುಕೊಂಡು ಎಣಿಸುವುದು ಕ್ಷೇಮ; ಸರಾಸರಿಯಿಂದ ತಗ್ಗಿದ ಚೌಕಕ್ಕೂ ಅದರದೇ ಅಳತೆಗೋಲು ಸಿಗುತ್ತದೆ. 1901, 1951, 1971 ಎಂಬ ಮೂರು ಆರಂಭ ವರ್ಷಗಳಿಂದಲೂ ಲೆಕ್ಕ ಹಾಕಿ, ಮೂರರಲ್ಲಿಯೂ ದಿಕ್ಕು ಒಂದೇ ಇದ್ದರೆ ಮಾತ್ರ ಏರಿಕೆ ಅಥವಾ ಇಳಿಕೆ ಎಂದು ಬರೆಯಬೇಕು. ಒಂದು ಹಳ್ಳಿಯ ಬೆಳೆ ವಿಮೆಯ ವಾದಕ್ಕೆ, ಒಂದು ಗುಡ್ಡದ ಕುಸಿತದ ಕಾರಣ ಹುಡುಕುವುದಕ್ಕೆ, ಒಂದು ಬಡಾವಣೆಯ ಚರಂಡಿಯ ಗಾತ್ರ ನಿರ್ಧರಿಸುವುದಕ್ಕೆ ಇದು ತಕ್ಕದ್ದಲ್ಲ. ಅಲ್ಲಿ ಪಂಚಾಯಿತಿಯ ಮಾಪಕದ 15 ನಿಮಿಷಗಳ ದಾಖಲೆಯನ್ನೇ ಕೇಳಿ ಪಡೆಯಬೇಕು.